ಹಲ್ಲಿನ ಫಿಲ್ಲಿಂಗ್ ಕೆಡುವುದು ಅಂಚಿನಿಂದ: ಮನೆಯಲ್ಲೇ ಗುರುತಿಸುವುದು, ಹೊತ್ತಿಗೆ ಸರಿಯಾಗಿ ಸರಿಪಡಿಸಿಕೊಳ್ಳುವುದು

ಹುಳುಕು ಹಲ್ಲಿಗೆ ಒಮ್ಮೆ ಫಿಲ್ಲಿಂಗ್ ಮಾಡಿಸಿದರೆ ಆ ಹಲ್ಲಿನ ಚಿಂತೆ ತೀರಿತು ಎಂದೇ ಬಹಳಷ್ಟು ಜನ ಅಂದುಕೊಂಡಿರುತ್ತಾರೆ. ಮತ್ತೆ ಡಾಕ್ಟರ ನೆನಪಾಗುವುದು ಫಿಲ್ಲಿಂಗ್ ಕಿತ್ತುಬಂದಾಗ, ಇಲ್ಲವೇ ರಾತ್ರಿ ನಿದ್ದೆಗೆಡಿಸುವ ನೋವು ಶುರುವಾದಾಗ. ಅಷ್ಟು ಹೊತ್ತಿಗೆ ಅರ್ಧ ಗಂಟೆಯ ರಿಪೇರಿಯಲ್ಲಿ ಮುಗಿಯಬೇಕಿದ್ದ ಕೆಲಸ ರೂಟ್ ಕೆನಾಲ್‌ವರೆಗೆ ಹೋಗಿರುತ್ತದೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ತೋಟಗಳಲ್ಲಿ ಇರುವವರಿಗೆ ಪೇಟೆಗೆ ಬಂದು ಹೋಗುವುದೇ ಒಂದು ದಿನದ ಕೆಲಸ. ಹಾಗಾಗಿ ಫಿಲ್ಲಿಂಗ್ ಹೇಗೆ ಸವೆಯುತ್ತದೆ, ಅದನ್ನು ಮನೆಯಲ್ಲೇ ಹೇಗೆ ಗುರುತು ಹಿಡಿಯಬೇಕು ಎಂದು ತಿಳಿದಿದ್ದರೆ ದುಡ್ಡೂ ಉಳಿಯುತ್ತದೆ, ಹಲ್ಲೂ ಉಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಲೆಕ್ಕ ತಿಳಿದಿರಲಿ. ದವಡೆ ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮೆಲ್, ಅಗಿಯುವ ಜಾಗದಲ್ಲಿ ವರ್ಷಕ್ಕೆ ಸುಮಾರು 30 ಮೈಕ್ರಾನ್ ಸವೆಯುತ್ತದೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಒಳ್ಳೆಯ ಫಿಲ್ಲಿಂಗ್ ಕೂಡ ಹೆಚ್ಚುಕಡಿಮೆ ಇದೇ ವೇಗದಲ್ಲಿ ಸವೆಯುತ್ತದೆ. ಹತ್ತು ವರ್ಷ ಕಳೆದರೂ ಮೇಲ್ಮೈ ತಗ್ಗುವುದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಇದು ಕನ್ನಡಿಯಲ್ಲಿ ಕಾಣುವುದಿಲ್ಲ, ಇದರಿಂದ ತೊಂದರೆಯೂ ಅಪರೂಪ. ತೊಂದರೆ ಇರುವುದು ಫಿಲ್ಲಿಂಗ್ ಮತ್ತು ಹಲ್ಲು ಸೇರುವ ಗೆರೆಯಲ್ಲಿ. ಆ ಗೆರೆ ಬಿಟ್ಟುಕೊಂಡರೆ ಎಂಜಲು, ಸಕ್ಕರೆ, ಬ್ಯಾಕ್ಟೀರಿಯಾ ಒಳಗಿಳಿದು, ಮೇಲೆ ಫಿಲ್ಲಿಂಗ್ ಗಟ್ಟಿಯಾಗಿದ್ದರೂ ಅಡಿಯಲ್ಲಿ ಹಲ್ಲು ಹುಳುಕಾಗುತ್ತದೆ. ಆದ್ದರಿಂದ ನಿಮ್ಮ ಕಣ್ಣು, ನಾಲಿಗೆ, ಹಲ್ಲಿನ ಸಂದಿಗೆ ಹಾಕುವ ದಾರ ಮೂರೂ ಅಂಚಿನ ಕಡೆಗೇ ಹೋಗಬೇಕು.

ನಿಮ್ಮ ಬಾಯಲ್ಲಿರುವುದು ಯಾವ ಫಿಲ್ಲಿಂಗ್?

"ಸಿಮೆಂಟ್ ತುಂಬಿಸಿದ್ದಾರೆ" ಎಂದು ಹೇಳಿದರೆ ಸಾಲದು. ಒಂದೊಂದು ವಸ್ತು ಸವೆಯುವ ರೀತಿಯೇ ಬೇರೆ. ಮುಂದಿನ ಸಲ ಹೋದಾಗ, "ಸಾರ್, ಇದು ಬೆಳ್ಳಿಯದೋ, ಕಾಂಪೋಸಿಟ್ಟೋ, ಜಿಐಸಿಯೋ? ಪರ್ಮನೆಂಟೋ, ಟೆಂಪರರಿಯೋ?" ಎಂದು ಕೇಳಿ, ತಾರೀಖು ಸಮೇತ ಚೀಟಿಯಲ್ಲಿ ಬರೆಸಿಕೊಳ್ಳಿ. ಹಳೆಯ ಚೀಟಿ ಕಳೆದಿದ್ದರೆ ಕಣ್ಣಿಂದಲೂ ಸಾಕಷ್ಟು ಗುರುತಿಸಬಹುದು.

ಕಪ್ಪು ಅಥವಾ ಬೂದು ಬಣ್ಣದ್ದು ಬೆಳ್ಳಿ ಫಿಲ್ಲಿಂಗ್, ಅಂದರೆ ಅಮಾಲ್ಗಮ್. ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಹಲ್ಲಿನದೇ ಬಣ್ಣ, ನಯವಾದ ಹೊಳಪು ಇದ್ದರೆ ಅದು ಕಾಂಪೋಸಿಟ್, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದ್ದು. ಸುಣ್ಣ ಬಳಿದ ಹಾಗೆ ಹೊಳಪಿಲ್ಲದ ಬಿಳಿ ಇದ್ದರೆ ಹೆಚ್ಚಾಗಿ ಜಿಐಸಿ, ಅಂದರೆ ಗ್ಲಾಸ್ ಅಯನೋಮರ್ ಸಿಮೆಂಟ್. ವಸಡಿನ ಅಂಚಿನ ತಗ್ಗುಗಳಿಗೆ, ಮಕ್ಕಳ ಹಾಲುಹಲ್ಲಿಗೆ, ಶಾಲೆಯ ದಂತ ಶಿಬಿರಗಳಲ್ಲಿ ಇದನ್ನೇ ಹಾಕುವುದು ಜಾಸ್ತಿ. ಲವಂಗದೆಣ್ಣೆಯ ವಾಸನೆ ಬರುವ, ಉಗುರಿಗೆ ಸಿಕ್ಕಿ ಉದುರುವ ಬಿಳಿ ಸಿಮೆಂಟ್ ತಾತ್ಕಾಲಿಕದ್ದು.

ಯಾವುದು ಹೇಗೆ ಕೆಡುತ್ತದೆ?

ಬೆಳ್ಳಿ ಫಿಲ್ಲಿಂಗ್ ಅಗಿಯುವ ಒತ್ತಡಕ್ಕೆ ಬಹಳ ಗಟ್ಟಿ. ಹತ್ತು ಹದಿನೈದು ವರ್ಷ ಸಲೀಸಾಗಿ ಬಾಳುತ್ತದೆ, ಇನ್ನೂ ಹೆಚ್ಚು ಬಂದದ್ದೂ ಉಂಟು. ಆದರೆ ಅದು ಹಲ್ಲಿಗೆ ಅಂಟಿಕೊಂಡಿರುವುದಿಲ್ಲ, ಕೊರೆದ ಗುಳಿಯ ಆಕಾರದಿಂದಷ್ಟೇ ಕೂತಿರುತ್ತದೆ. ಒತ್ತಡಕ್ಕೆ ಲೋಹ ನಿಧಾನವಾಗಿ ಹರಡಿ ಅಂಚಿನಲ್ಲಿ ತೆಳ್ಳಗೆ ಹೊರಚಾಚುತ್ತದೆ, ಆ ತೆಳು ಭಾಗ ಮುರಿದು ಸುತ್ತಲೂ ಸಣ್ಣ ಕಾಲುವೆ ಉಳಿಯುತ್ತದೆ. ತಾಮ್ರ ಕಡಿಮೆಯಿದ್ದ ಹಳೆಯ ಮಿಶ್ರಣಗಳಲ್ಲಿ ತವರ ಮತ್ತು ಪಾದರಸ ಸೇರಿದ ಮೆತ್ತನೆಯ ಅಂಶ ತುಕ್ಕು ಹಿಡಿಯುತ್ತಿದ್ದುದರಿಂದ ಇದು ಬೇಗ ಆಗುತ್ತಿತ್ತು. ಹೆಚ್ಚು ತಾಮ್ರ ಬೆರೆಸಿದ ಮಿಶ್ರಣಗಳು 1960ರ ದಶಕದಲ್ಲಿ ಬಂದ ಮೇಲೆ ಈ ತೊಂದರೆ ಬಹಳ ಇಳಿಯಿತು. ಇನ್ನೊಂದು ವಿಷಯ ಗಮನಿಸಬೇಕು: ಬೆಳ್ಳಿ ಫಿಲ್ಲಿಂಗ್‌ನ ತುಕ್ಕೇ ಅಂಚಿನ ಸಂದಿಯನ್ನು ತುಂಬಿ ಮುಚ್ಚುತ್ತದೆ. ಹಾಗಾಗಿ ಅಂಚು ಕಪ್ಪಾಗಿ ತುಸು ಹರಿದಂತೆ ಕಂಡ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ. ಪಾದರಸದ ಭಯಕ್ಕೆ ಚೆನ್ನಾಗಿರುವ ಹಳೆಯ ಬೆಳ್ಳಿ ಫಿಲ್ಲಿಂಗನ್ನು ಕಿತ್ತು ಹಾಕಿಸಬೇಡಿ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಬರುವುದು, ಜೊತೆಗೆ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ. ಹೊಸದಾಗಿ ಹಾಕಿಸುವ ಮಾತು ಬೇರೆ. ಪಾದರಸ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದಕ್ಕೆ ಭಾರತವೂ ಸೇರಿದೆ. 15 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ತೀರಾ ಅಗತ್ಯವಿಲ್ಲದೆ ಇದನ್ನು ಹಾಕಬಾರದು ಎಂಬುದು ಅದರ ನಿಲುವು.

ಕಾಂಪೋಸಿಟ್‌ನಲ್ಲಿ ರಾಳದಂಥ ಪ್ಲಾಸ್ಟಿಕ್ಕಿನೊಳಗೆ ಗಾಜಿನ, ಸಿಲಿಕಾದ ಬಹುಸಣ್ಣ ಕಣಗಳನ್ನು ತುಂಬಿರುತ್ತಾರೆ. ಅಗಿಯುತ್ತಾ ಅಗಿಯುತ್ತಾ ಮೆತ್ತಗಿರುವ ರಾಳ ಮೊದಲು ಸವೆಯುತ್ತದೆ, ಆಮೇಲೆ ಹಿಡಿತ ತಪ್ಪಿದ ಕಣಗಳು ಒಂದೊಂದೇ ಕಿತ್ತುಹೋಗುತ್ತವೆ. ಮಳೆಗಾಲ ಮುಗಿದ ಮೇಲೆ ಘಾಟಿ ರಸ್ತೆಯಲ್ಲಿ ಡಾಂಬರು ಹೋಗಿ ಜಲ್ಲಿ ಮೇಲೆದ್ದು ಬರುತ್ತದಲ್ಲ, ಅದೇ ರೀತಿ. ಮೇಲ್ಮೈ ಒರಟಾಗುತ್ತದೆ, ಕಾಫಿಯ ಕಲೆ ಹಿಡಿಯುತ್ತದೆ. ನಾಲಿಗೆಗೆ ಮರಳುಕಾಗದದಂತೆ ಹತ್ತುವುದು ಇದರಿಂದಲೇ.

ಕಾಂಪೋಸಿಟ್‌ನ ದೊಡ್ಡ ದೌರ್ಬಲ್ಯ ಮಾತ್ರ ಹಾಕುವ ದಿನವೇ ನಿರ್ಧಾರವಾಗುತ್ತದೆ. ಬೆಳಕು ಬಿದ್ದು ಗಟ್ಟಿಯಾಗುವಾಗ ಅದು ಗಾತ್ರದಲ್ಲಿ ಶೇಕಡಾ 2ರಿಂದ 3ರಷ್ಟು ಕುಗ್ಗುತ್ತದೆ. ಒಂದೇ ಸಲಕ್ಕೆ ತುಂಬಿದರೆ ಆ ಕುಗ್ಗುವಿಕೆ ಅಂಚನ್ನು ಹಲ್ಲಿನಿಂದ ಎಳೆದು ಬಿಡಿಸುತ್ತದೆ, ತಳ ಪೂರ್ತಿ ಗಟ್ಟಿಯಾಗುವುದೂ ಇಲ್ಲ. ಅದಕ್ಕೇ ಮಾಮೂಲಿ ಕಾಂಪೋಸಿಟನ್ನು 2 ಮಿಲಿಮೀಟರ್ ದಪ್ಪದ ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಸಾಮಾನ್ಯವಾಗಿ 20 ಸೆಕೆಂಡ್ ಬೆಳಕು ಹಿಡಿಯಬೇಕು. ಅಂಟು ಹಚ್ಚುವ ಹೊತ್ತಿಗೆ ಎಂಜಲು ತಾಗಿದರೂ ಹಿಡಿತ ಹೋಯಿತು. ಡಾಕ್ಟರು ರಬ್ಬರ್ ಹಾಳೆ ಕಟ್ಟಿ, ಹತ್ತಿ ಇಟ್ಟು, ಮತ್ತೆ ಮತ್ತೆ ಗಾಳಿ ಊದಿ ನಿಧಾನ ಮಾಡುತ್ತಿದ್ದರೆ ಅವಸರಪಡಿಸಬೇಡಿ. ಆ ಹತ್ತು ನಿಮಿಷವೇ ಫಿಲ್ಲಿಂಗ್‌ನ ಆಯಸ್ಸು.

ಕಡೂರು, ಅರಸೀಕೆರೆ ಬಯಲುಸೀಮೆಯಲ್ಲಿ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಚಿಕ್ಕಂದಿನಿಂದ ಆ ನೀರು ಕುಡಿದು ಹಲ್ಲಿನ ಮೇಲೆ ಕಂದು ಪಟ್ಟೆ, ಸುಣ್ಣದ ಮಚ್ಚೆ ಬಂದವರಲ್ಲಿ ಎನಾಮೆಲ್‌ಗೆ ಕಾಂಪೋಸಿಟ್ ಸರಿಯಾಗಿ ಹಿಡಿಯುವುದಿಲ್ಲ. ಅವರಿಗೆ ಮೇಲ್ಪದರವನ್ನು ತುಸು ಉಜ್ಜಿ, ಅಂಟು ಹಿಡಿಯಲೆಂದು ಮೊದಲು ಹಚ್ಚುವ ಆಮ್ಲದ ಜೆಲ್ಲನ್ನು ಹೆಚ್ಚು ಹೊತ್ತು ಇಡಬೇಕಾಗಬಹುದು. ಊರಿನ ನೀರಿನ ವಿಷಯವನ್ನು ನೀವೇ ಬಾಯಿಬಿಟ್ಟು ಹೇಳಿ.

ಜಿಐಸಿ ಹಲ್ಲಿಗೆ ತಾನಾಗಿಯೇ ಅಂಟುತ್ತದೆ, ಹುಳುಕು ತಡೆಯಲು ನೆರವಾಗುವಷ್ಟು ಫ್ಲೋರೈಡ್ ಬಿಡುತ್ತದೆ, ಬಿಸಿ ತಣ್ಣಗೆ ಹಿಗ್ಗುವುದು ಕುಗ್ಗುವುದೂ ಹಲ್ಲಿನಷ್ಟೇ. ಒತ್ತಡ ತಡೆಯುವುದರಲ್ಲಿ, ಹುಳಿ ತಡೆಯುವುದರಲ್ಲಿ ಮಾತ್ರ ಹಿಂದೆ. ಮೊದಲ 24 ಗಂಟೆ ಅದು ಎಳೆಯದು: ನೀರು ತಾಗಿದರೆ ಕರಗುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೇ ಮೇಲೆ ವಾರ್ನಿಷ್ ಅಥವಾ ವ್ಯಾಸಲೀನ್ ಹಚ್ಚಿ ಕಳಿಸುತ್ತಾರೆ. ಪುಡಿ ಕಡಿಮೆ, ದ್ರವ ಹೆಚ್ಚು ಹಾಕಿ ತೆಳ್ಳಗೆ ಕಲಸಿದ್ದರಂತೂ ಬೇಗನೆ ಸವೆಯುತ್ತದೆ. ದವಡೆ ಹಲ್ಲಿನ ಅಗಿಯುವ ಜಾಗದಲ್ಲಿ ಮೂರರಿಂದ ಐದು ವರ್ಷ ಬಂದರೆ ಒಳ್ಳೆಯದೇ ಬಂತು ಎನ್ನಬೇಕು.

ತಾತ್ಕಾಲಿಕ ಸಿಮೆಂಟ್ ಕೆಲವು ವಾರಕ್ಕಷ್ಟೇ. ರೂಟ್ ಕೆನಾಲ್ ಅರ್ಧ ಮಾಡಿಸಿ, ಕಾಫಿ ಕೊಯ್ಲು ಮುಗಿಯಲಿ ಎಂದು ತಿಂಗಳುಗಟ್ಟಲೆ ಬಿಡುವುದು ನಮ್ಮ ಕಡೆ ಮಾಮೂಲು. ಸಿಮೆಂಟ್ ಕರಗಿ ಸೋರಿದರೆ ಶುಚಿ ಮಾಡಿದ್ದ ಬೇರಿಗೆ ಮತ್ತೆ ಸೋಂಕು ಹತ್ತುತ್ತದೆ, ಕೆಲಸ ಮೊದಲಿಂದ ಶುರು. ಕೊಯ್ಲಿಗೆ ಮುಂಚೆ ಪೂರ್ತಿ ಮುಗಿಸಲು ಆಗದಿದ್ದರೆ, ಕೆಲಸ ಶುರು ಮಾಡುವ ಮೊದಲೇ ಅದನ್ನು ಡಾಕ್ಟರಿಗೆ ತಿಳಿಸಿ.

ನಮ್ಮ ಊಟ, ನಮ್ಮ ಅಭ್ಯಾಸ

ಮುದ್ದೆಯಿಂದ ಫಿಲ್ಲಿಂಗ್‌ಗೆ ಏನೂ ಆಗುವುದಿಲ್ಲ, ಅದನ್ನು ಅಗಿಯುವುದೇ ಇಲ್ಲವಲ್ಲ. ಕಷ್ಟ ಬರುವುದು ಅದರ ಜೊತೆಗಿನ ನಾಟಿಕೋಳಿ ಮೂಳೆಯಿಂದ. ಮೂಳೆ ಕಡಿಯುವುದು, ಒಣಕೊಬ್ಬರಿ ಕಚ್ಚಿ ಮುರಿಯುವುದು, ಹುರಿಗಾಳಿನಲ್ಲಿ ಸಿಗುವ ಕಲ್ಲು, ಗಟ್ಟಿ ಕೋಡುಬಳೆ, ಇವು ಸವೆಸುವುದಿಲ್ಲ, ಒಮ್ಮೆಲೇ ಸೀಳುತ್ತವೆ. ದೊಡ್ಡ ಫಿಲ್ಲಿಂಗ್ ಇರುವ ಹಲ್ಲಿನ ಪಕ್ಕದ ಗೋಡೆ ಮೊದಲೇ ತೆಳು. ಸೀಳು ವಸಡಿನ ಕೆಳಗೆ ಇಳಿದರೆ ಹಲ್ಲು ಉಳಿಸುವುದು ಕಷ್ಟ.

ಅಡಿಕೆ ಬೇರೆ ರೀತಿ. ದಿನವಿಡೀ ದವಡೆಯ ಒಂದೇ ಬದಿಯಲ್ಲಿ ಅಡಿಕೆ ಹಾಕಿಕೊಳ್ಳುವವರಲ್ಲಿ ಆ ಬದಿಯ ಹಲ್ಲು, ಫಿಲ್ಲಿಂಗ್ ಎರಡೂ ಚಪ್ಪಟೆಯಾಗಿ ತೇದುಹೋಗಿರುತ್ತವೆ. ಕಾಂಪೋಸಿಟ್ ಕಂದುಕಪ್ಪಾಗುತ್ತದೆ, ಜಿಐಸಿ ನಿಲ್ಲುವುದೇ ಇಲ್ಲ. ಅಡಿಕೆ ಬೆಳೆಯುವ ಸೀಮೆಯಲ್ಲಿದ್ದೂ ಇದನ್ನು ಹೇಳಲೇಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಬಾಯಿ ಮೊದಲಿನಷ್ಟು ಅಗಲ ತೆರೆಯುತ್ತಿಲ್ಲ, ಖಾರ ತಿಂದರೆ ಉರಿಯುತ್ತದೆ ಎನಿಸಿದರೆ ಫಿಲ್ಲಿಂಗ್‌ನ ಮಾತು ಆಮೇಲೆ, ಅದನ್ನು ಮೊದಲು ತೋರಿಸಿ.

ಹುಳಿಯ ವಿಷಯ. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ಬಾಯಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್ ಕರಗಲು ಶುರು. ನಿಂಬೆರಸದ ಪಿಎಚ್ 2ರಿಂದ 2.5, ಕೋಲಾ ಪಾನೀಯಗಳದ್ದೂ ಅದೇ ಆಸುಪಾಸು. ಊಟದ ಜೊತೆಗಿನ ಹುಳಿ ಸಾರಿಗೆ ಹೆದರಬೇಕಿಲ್ಲ. ನೆಲ್ಲಿಕಾಯಿ, ಹುಣಸೆಹಣ್ಣು ಬಾಯಲ್ಲಿಟ್ಟು ಚೀಪುತ್ತಾ ಕೂರುವುದು, ಕೋಲಾವನ್ನು ಗಂಟೆಗಟ್ಟಲೆ ಗುಟುಕರಿಸುವುದು ಕೆಟ್ಟದ್ದು. ಹುಳಿ ಫಿಲ್ಲಿಂಗ್ ಸುತ್ತಲಿನ ಹಲ್ಲನ್ನು ಕರಗಿಸಿದಾಗ ಫಿಲ್ಲಿಂಗ್ ದಿಬ್ಬದಂತೆ ಎದ್ದು ನಿಲ್ಲುತ್ತದೆ. ಕನ್ನಡಿಯಲ್ಲಿ ಫಿಲ್ಲಿಂಗ್ ಹಲ್ಲಿಗಿಂತ ಎತ್ತರ ಕಂಡರೆ ಸವೆದದ್ದು ಹಲ್ಲು ಎಂದು ತಿಳಿಯಿರಿ. ಹುಳಿತೇಗು, ಎದೆಯುರಿ ಇರುವವರಲ್ಲಿ ಇದು ಹಲ್ಲಿನ ಒಳಬದಿಯಲ್ಲಿ ಕಾಣುತ್ತದೆ. ಹುಳಿ ತಿಂದಕೂಡಲೇ ಬ್ರಷ್ ಮಾಡಬೇಡಿ. ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಮಾಡಿ.

ಬೆಲ್ಲದ ಕಾಫಿಯ ಬಗ್ಗೆಯೂ ಒಂದು ಮಾತು. ದಿನಕ್ಕೆ ಐದಾರು ಲೋಟ ಕುಡಿಯುವ ಮನೆಗಳಲ್ಲಿ ಅಂಚಿಗೆ ಐದಾರು ಸಲ ಸಿಹಿ ಸಿಗುತ್ತದೆ, ಐದಾರು ಸಲ ಬಿಸಿ ಏಟು ಬೀಳುತ್ತದೆ. ಬಿಸಿಗೆ ಬೆಳ್ಳಿ ಫಿಲ್ಲಿಂಗ್ ಹಲ್ಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಕಾಂಪೋಸಿಟ್ ಇನ್ನೂ ಹೆಚ್ಚು. ಹಬೆಯಾಡುವ ಕಾಫಿಯ ಹಿಂದೆಯೇ ತಣ್ಣೀರು ಕುಡಿಯುವ ಅಭ್ಯಾಸ ಬಿಡಿ. ಸಿಹಿ ಕಾಫಿಯನ್ನು ಊಟ ತಿಂಡಿಯ ಹೊತ್ತಿಗೆ ಸೇರಿಸಿಕೊಳ್ಳಿ.

ಬ್ರಷ್ ಮೆತ್ತನೆಯದಿರಲಿ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ಒರಟು ಹಲ್ಲುಪುಡಿ ಬೇಡ. ಹಲ್ಲು ಬೆಳ್ಳಗೆ ಮಾಡುತ್ತೇವೆನ್ನುವ ಪೇಸ್ಟ್‌ಗಳಲ್ಲೂ ಉಜ್ಜುವ ಕಣ ಹೆಚ್ಚಿರುವುದುಂಟು. ವಸಡಿನ ಬಳಿ ಅಡ್ಡಡ್ಡ ಗರಗಸದಂತೆ ಉಜ್ಜಿದರೆ ಅಲ್ಲಿ ಬಾಣದ ತುದಿಯಂಥ ತಗ್ಗು ಬೀಳುತ್ತದೆ. ಅಲ್ಲಿ ಹಾಕಿದ ಫಿಲ್ಲಿಂಗ್ ಪದೇ ಪದೇ ಉದುರುತ್ತಿದ್ದರೆ ಬ್ರಷ್ ಹಿಡಿಯುವ ರೀತಿಯನ್ನು ಮೊದಲು ಬದಲಿಸಬೇಕು.

ಮನೆಯಲ್ಲಿ ನೋಡಿಕೊಳ್ಳುವ ಕ್ರಮ

ತಿಂಗಳಿಗೊಮ್ಮೆ ಸಾಕು. ಬೇಕಾದದ್ದು ಮೊಬೈಲ್ ಟಾರ್ಚ್, ಒಂದು ಸಣ್ಣ ಕನ್ನಡಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಹಲ್ಲಿನ ದಾರ, ಅಂದರೆ ಡೆಂಟಲ್ ಫ್ಲಾಸ್.

1. ಹಲ್ಲುಜ್ಜಿ, ಫಿಲ್ಲಿಂಗ್ ಇರುವ ಹಲ್ಲನ್ನು ಶುಭ್ರ ಬಟ್ಟೆಯಿಂದ ಒರೆಸಿ ಒಣಗಿಸಿ. ಒದ್ದೆ ಹಲ್ಲಿನಲ್ಲಿ ಬಿರುಕು ಕಾಣುವುದಿಲ್ಲ.

2. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಹಿಡಿದು ಅಂಚಿನ ಗೆರೆಯನ್ನು ಸುತ್ತಲೂ ನೋಡಿ. ಕಾಂಪೋಸಿಟ್ ಸುತ್ತ ಕೂದಲೆಳೆಯಂಥ ಕಂದು ಗೆರೆ ಬರೀ ಕಲೆ ಇರಬಹುದು. ಆ ಗೆರೆಯ ಪಕ್ಕದ ಹಲ್ಲು ಬೂದು ಅಥವಾ ಸುಣ್ಣದ ಬಿಳಿಗೆ ತಿರುಗಿ, ನೆರಳು ಹರಡಿದಂತೆ ಕಂಡರೆ ಅಡಿಯಲ್ಲಿ ಹುಳುಕು ಇರುವ ಸಾಧ್ಯತೆ ಹೆಚ್ಚು.

3. ನಾಲಿಗೆಯ ತುದಿಯಿಂದ ಸವರಿ. ಕಳೆದ ತಿಂಗಳು ಇಲ್ಲದ ಮೆಟ್ಟಿಲು, ಚೂಪು, ಒರಟು ಈಗ ಇದೆಯೇ? ಸೂಜಿ, ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಬಾರದು, ಅಂಚನ್ನು ನೀವೇ ಮುರಿದಂತಾಗುತ್ತದೆ.

4. ಪಕ್ಕದ ಹಲ್ಲಿನ ನಡುವೆ ದಾರ ಇಳಿಸಿ. ಟಕ್ ಎಂದು ಬಿಗಿಯಾಗಿ ಇಳಿಯಬೇಕು, ಹಾಗೆಯೇ ಬರಬೇಕು. ದಾರ ಎಳೆ ಎಳೆಯಾಗಿ ಹರಿದರೆ ಅಂಚು ಮುರಿದಿದೆ ಅಥವಾ ಫಿಲ್ಲಿಂಗ್ ಹೊರಚಾಚಿದೆ. ಸಲೀಸಾಗಿ ಜಾರಿದರೆ ಎರಡು ಹಲ್ಲಿನ ನಡುವಿನ ಒತ್ತು ಸಡಿಲವಾಗಿದೆ. ಮಾಂಸದ ನಾರು, ಸೊಪ್ಪು ಅಲ್ಲೇ ಸಿಕ್ಕಿಕೊಳ್ಳುವುದು ಇದರಿಂದ. ದಾರದಲ್ಲಿ ಒಂದೇ ಜಾಗದಿಂದ ಪ್ರತಿಸಲ ಕೆಟ್ಟ ವಾಸನೆ ಬಂದರೆ ಕಾಯಬೇಡಿ. ಈ ನಾಲ್ಕರಲ್ಲಿ ದಾರದ ಪರೀಕ್ಷೆಯೇ ಹೆಚ್ಚು ನಂಬಬೇಕಾದದ್ದು, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ.

ನೋವಿನ ಸ್ವಭಾವವನ್ನೂ ಗಮನಿಸಿ. ತಣ್ಣನೆಯದು ತಾಗಿ ಜುಮ್ಮೆಂದು ಕ್ಷಣದಲ್ಲಿ ಹೋದರೆ ಅಂಚು ಸೋರುತ್ತಿರಬಹುದು, ವಾರದೊಳಗೆ ತೋರಿಸಿ. ಕಚ್ಚಿ ಬಿಡುವ ಹೊತ್ತಿಗೆ ಚಳುಕು ಹೊಡೆದರೆ ಹಲ್ಲು ಸೀಳಿರುವ ಶಂಕೆ, ಆ ಬದಿಯಲ್ಲಿ ಅಗಿಯುವುದನ್ನು ಅಂದೇ ನಿಲ್ಲಿಸಿ. ಬಿಸಿ ಅಥವಾ ತಣ್ಣಗೆ ಎದ್ದ ನೋವು ಅರ್ಧ ನಿಮಿಷ ಮೀರಿ ಉಳಿದರೆ, ಏನೂ ತಿನ್ನದೆಯೂ ರಾತ್ರಿ ಮಿಡಿದರೆ, ಒಳಗಿನ ನರಕ್ಕೆ ಉರಿಯೂತ ಮುಟ್ಟಿದೆ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮಾತ್ರೆ ನುಂಗಿ ಬೆಳಗಾಗಲಿ ಎನ್ನುವಂತಿಲ್ಲ.

ಡಾಕ್ಟರ ಕುರ್ಚಿಯಲ್ಲಿ

ವರ್ಷಕ್ಕೆ ಎರಡು ಸಲ ತೋರಿಸುವುದಾದರೆ ಮಲೆನಾಡಿನವರಿಗೆ ಒಳ್ಳೆಯ ಹೊತ್ತು ಮಳೆ ಹಿಡಿಯುವ ಮುಂಚಿನ ಮೇ ತಿಂಗಳು ಮತ್ತು ಕೊಯ್ಲು ಜೋರಾಗುವ ಮುಂಚಿನ ಅಕ್ಟೋಬರ್. ಹಾಸನದಲ್ಲಿ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜು ಇದೆ, ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಪೇಟೆಗಳಲ್ಲಿ ಖಾಸಗಿ ಕ್ಲಿನಿಕ್‌ಗಳಿವೆ. ಎಲ್ಲಿ ಹೋದರೂ ಮೂರು ವಿಷಯ ಕೇಳಿ.

ಹಲ್ಲಿನ ನಡುವಿನ ಫಿಲ್ಲಿಂಗ್ ಆದರೆ ಬೈಟ್‌ವಿಂಗ್ ಎಕ್ಸ್‌ರೇ ಬೇಕೇ ಎಂದು ಕೇಳಿ. ನಡುವಿನ ಅಂಚಿನಡಿಯ ಹುಳುಕು ಕಣ್ಣಿಗೆ ಕಾಣುವ ಮೊದಲೇ ಅದರಲ್ಲಿ ಕಾಣಬಹುದು. ಎರಡನೆಯದು ಕಚ್ಚುವ ಪರೀಕ್ಷೆ: ನೀಲಿ ಅಥವಾ ಕೆಂಪು ಕಾಗದ ಕಚ್ಚಿಸಿದಾಗ ಫಿಲ್ಲಿಂಗ್ ಮೇಲೆ ಮಾತ್ರ ದಟ್ಟ ಗುರುತು ಬಿದ್ದರೆ ಆ ಜಾಗ ಎತ್ತರ ಇದೆ, ಅಲ್ಲೇ ಮುಂದೆ ಮುರಿಯುವುದು. ಎದುರಿನ ಹಲ್ಲಿಗೆ ಪಿಂಗಾಣಿ ಕ್ಯಾಪ್ ಇದ್ದು ಅದರ ಮೇಲ್ಮೈ ಒರಟಾಗಿದ್ದರೆ ಕೆಳಗಿನ ಫಿಲ್ಲಿಂಗ್ ತೇದುಹೋಗುತ್ತದೆ. ಕ್ಯಾಪನ್ನು ಪಾಲಿಶ್ ಮಾಡಿಸಬೇಕು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಹಾಕದೆ ಎಷ್ಟು ಸಲ ಫಿಲ್ಲಿಂಗ್ ಬದಲಿಸಿದರೂ ವ್ಯರ್ಥ. ಕಡಿಯುವುದು ನಿಮಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗುವವರನ್ನು ಕೇಳಿ.

ಮೂರನೆಯದು ಬಹಳ ಮುಖ್ಯ: "ಪೂರ್ತಿ ತೆಗೆಯಬೇಕಾ ಮೇಡಂ, ಅಂಚು ಮಾತ್ರ ರಿಪೇರಿ ಆಗಲ್ವಾ?" ಪ್ರತಿ ಸಲ ಪೂರ್ತಿ ತೆಗೆದು ಹಾಕಿದಾಗಲೂ ಗುಳಿ ಸ್ವಲ್ಪ ದೊಡ್ಡದಾಗುತ್ತದೆ. ಒರಟಾಗಿದ್ದರೆ ಪಾಲಿಶ್ ಸಾಕು. ಒಂದು ಮೂಲೆ ಮುರಿದಿದ್ದರೆ ಅಷ್ಟನ್ನೇ ಕೊರೆದು ಹೊಸ ಕಾಂಪೋಸಿಟ್ ಸೇರಿಸಬಹುದು. ಅಡಿಯಲ್ಲೆಲ್ಲ ಹುಳುಕು ಹರಡಿದ್ದರೆ, ಫಿಲ್ಲಿಂಗ್ ಅಲುಗಾಡುತ್ತಿದ್ದರೆ ಪೂರ್ತಿ ಬದಲಿಸಬೇಕು. ಅಗಿಯುವ ಗೋಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಇನ್ನೊಂದು ದೊಡ್ಡ ಫಿಲ್ಲಿಂಗ್‌ಗಿಂತ ಕ್ಯಾಪ್ ಹಾಕಿಸುವುದೇ ಮೇಲು.

ಫ್ಲೋರೈಡ್ ಜೆಲ್ ಹಚ್ಚಿಸಿಕೊಳ್ಳುವವರು ಬಾಯಲ್ಲಿ ಜಿಐಸಿ, ಕಾಂಪೋಸಿಟ್, ಪಿಂಗಾಣಿ ಇರುವುದನ್ನು ಮೊದಲೇ ಹೇಳಬೇಕು. ಎಪಿಎಫ್ ಎಂಬ ಹುಳಿ ಜೆಲ್ ಇವುಗಳ ಮೇಲ್ಮೈಯನ್ನು ಕೊರೆಯುತ್ತದೆ. ಅಂಥವರಿಗೆ ಹುಳಿಯಿಲ್ಲದ ಸೋಡಿಯಂ ಫ್ಲೋರೈಡ್ ಸರಿ.

ಕಿತ್ತುಬಂದರೆ

ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಆ ಬದಿಯಲ್ಲಿ ಅಗಿಯಬೇಡಿ. ಜುಮ್ಮೆನ್ನುತ್ತಿದ್ದರೆ ಹತ್ತಿಗೆ ಒಂದೇ ತೊಟ್ಟು ಲವಂಗದೆಣ್ಣೆ ಹಾಕಿ, ಹಿಂಡಿ, ಗುಳಿಗೆ ಮಾತ್ರ ತಾಗಿಸಿ. ವಸಡಿಗೆ ತಾಗಿದರೆ ಸುಡುತ್ತದೆ. ಮತ್ತೆ ಮತ್ತೆ ಹಾಕಬೇಡಿ, ಲವಂಗದೆಣ್ಣೆಯ ಅಂಶ ಉಳಿದ ಜಾಗದಲ್ಲಿ ಕಾಂಪೋಸಿಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಾಕಿದ್ದನ್ನು ಡಾಕ್ಟರಿಗೆ ಹೇಳಿ. ಹೊಗೆಸೊಪ್ಪು, ಕರ್ಪೂರ, ನೋವಿನ ಮಾತ್ರೆಯ ಪುಡಿ ತುಂಬುವುದು ಬೇಡ. ಕ್ಯಾಪ್ ಬಿದ್ದಿದ್ದರೆ ಡಬ್ಬಿಯಲ್ಲಿ ಹಾಕಿ ತನ್ನಿ, ಮತ್ತೆ ಕೂರಿಸಲು ಬರಬಹುದು. ಅಂಗಡಿಯ ಅಂಟಿನಿಂದ ನೀವೇ ಅಂಟಿಸಬೇಡಿ. ನೋವಿಲ್ಲ ಎಂದು ತಿಂಗಳು ಬಿಡುವುದೂ ತಪ್ಪು. ಎನಾಮೆಲ್ ಇಲ್ಲದ ಒಳಹಲ್ಲು ಮೆತ್ತಗಿರುತ್ತದೆ, ಅಲ್ಲಿ ಹುಳುಕು ಬೇಗ ಇಳಿಯುತ್ತದೆ.

ಹೊಸದು ಹಾಕಿಸಿದ ದಿನ

ಬೆಳ್ಳಿ ಮತ್ತು ಜಿಐಸಿ ಆದರೆ 24 ಗಂಟೆ ಆ ಬದಿಯಲ್ಲಿ ಗಟ್ಟಿಯದು ಅಗಿಯಬೇಡಿ. ಕಾಂಪೋಸಿಟ್ ಬೆಳಕು ಹಿಡಿದಾಗಲೇ ಗಟ್ಟಿಯಾಗಿರುತ್ತದೆ, ಚುಚ್ಚುಮದ್ದಿಗೆ ಬಾಯಿ ಮರಗಟ್ಟಿದ್ದು ಬಿಡುವವರೆಗೆ ಎರಡು ಮೂರು ಗಂಟೆ ಕಾದರೆ ಸಾಕು, ಇಲ್ಲದಿದ್ದರೆ ಕೆನ್ನೆ ಕಚ್ಚಿಕೊಳ್ಳುತ್ತೀರಿ. ಮೊದಲ ಎರಡು ದಿನ ಕಾಫಿ, ಅರಿಶಿನದ ಪದಾರ್ಥ, ಎಲೆ ಅಡಿಕೆ ಕಡಿಮೆ ಮಾಡಿ.

ಮರಗಟ್ಟಿದ ಬಾಯಲ್ಲಿ ಕಚ್ಚುವುದು ಸರಿಯಾಗಿ ಗೊತ್ತಾಗುವುದಿಲ್ಲ. ಮಾರನೆಯ ದಿನ ಹಲ್ಲು ಸೇರಿಸಿದಾಗ ಆ ಹಲ್ಲೇ ಮೊದಲು ತಾಗಿದರೆ, ಅಗಿಯುವಾಗ ನೋವಾದರೆ, "ಸವೆದು ತಾನೇ ಸರಿಹೋಗುತ್ತದೆ" ಎಂದು ಬಿಡಬೇಡಿ. ವರ್ಷಕ್ಕೆ 30 ಮೈಕ್ರಾನ್ ಲೆಕ್ಕದಲ್ಲಿ ಅದು ಸವೆಯುವ ಮೊದಲು ಫಿಲ್ಲಿಂಗೋ ಹಲ್ಲೋ ಸೀಳಿರುತ್ತದೆ. ಎತ್ತರ ತಗ್ಗಿಸುವುದು ಐದು ನಿಮಿಷದ ಕೆಲಸ, ಚುಚ್ಚುಮದ್ದೂ ಬೇಡ. ಅದೇ ವಾರ ಹೋಗಿ ಸರಿಮಾಡಿಸಿಕೊಳ್ಳಿ.